ಹೊಟ್ಟೆಯೊಳಗಿನ ಕಲ್ಲು

(ಸಂಘದ ರಜತ ಮಹೋತ್ಸವದ ಸಭೆಯಲ್ಲಿ ಆಡಿದ ಮಾತುಗಳು)



ನಾವು ಓದಿದ್ದು ಎಸ್‌ಎಸ್‌ಎಲ್‌ಸಿ. ಡಾಕ್ಟರು ಹೇಳಬೇಕಾದ್ದನ್ನು ಡೈರೆಕ್ಟರು ಹೇಳ್ತಾ ಇದ್ದಾರೆ ಅಂತ ನಗಬೇಡಿ. ನಮ್ಮ ಮನೆಯಲ್ಲಿ ನಡೆದದ್ದು, ಆಮೇಲೆ ನಾವು ಕೇಳಿ ಓದಿ ತಿಳಿದುಕೊಂಡದ್ದು, ಇವೆರಡನ್ನು ಮಾತ್ರ ತಮ್ಮ ಮುಂದೆ ಇಡುತ್ತೇವೆ.

2014ರಲ್ಲಿ ನಮ್ಮ ತಾಯಿಯವರಿಗೆ ಹೊಟ್ಟೆನೋವು. ಹಬ್ಬದೂಟ ಆದ ರಾತ್ರಿ ಬಲಗಡೆ ಪಕ್ಕೆಯ ಕೆಳಗೆ ಹಿಡಿದುಕೊಂಡರೆ ಬೆನ್ನಿಗೆ, ಬಲಹೆಗಲಿಗೆ ಹರಿಯುತ್ತಿತ್ತು. ಎರಡು ಮೂರು ಗಂಟೆ ಒದ್ದಾಡಿ, ವಾಂತಿಯಾಗಿ, ತಾನೇ ಬಿಡುತ್ತಿತ್ತು. ಗ್ಯಾಸ್ಟ್ರಿಕ್ ಅಂದೆವು. ಅಂಗಡಿಯಿಂದ ಮಾತ್ರೆ, ಓಮಿನ ಕಷಾಯ, ಇಷ್ಟರಲ್ಲೇ ಒಂದು ವರ್ಷ ಕಳೆಯಿತು. ಆಮೇಲೆ ಒಂದು ದಿನ ಕಣ್ಣು ಹಳದಿ. ಕಾಮಾಲೆ ಅಂತ ಪಕ್ಕದೂರಿಗೆ ಕರಕೊಂಡು ಹೋಗಿ ಸೊಪ್ಪಿನ ರಸ ಕುಡಿಸಿದೆವು, ಉಪ್ಪು ಎಣ್ಣೆ ಬಿಡಿಸಿದೆವು. ನಾಲ್ಕನೆಯ ದಿನ ಗಡಗಡ ನಡುಗಿ ಜ್ವರ ಬಂತು, ಮಾತು ತಪ್ಪಿತು. ಆವಾಗ ಓಡಿದ್ದು ಆಸ್ಪತ್ರೆಗೆ. ಸ್ಕ್ಯಾನಿಂಗ್ ಮಾಡಿದ ಡಾಕ್ಟರು, ಪಿತ್ತಕೋಶದ ಕಲ್ಲು ಜಾರಿ ನಾಳಕ್ಕೆ ಸಿಕ್ಕಿಕೊಂಡಿದೆ, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರು. ಆ ಮಾತು ಇವತ್ತಿಗೂ ನಮ್ಮ ಕಿವಿಯಲ್ಲಿದೆ. ತಪ್ಪು ಸೊಪ್ಪು ಕೊಟ್ಟವರದಲ್ಲ, ನಮ್ಮದೇ.

ಈ ಪಿತ್ತಕೋಶ ಅಂದರೆ ಏನು? ಲಿವರಿನ ಕೆಳಗೆ ಸಣ್ಣ ಬದನೆಕಾಯಿಯ ಹಾಗೆ ತೂಗಾಡುವ ಚೀಲ. ಲಿವರು ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ಮಾಡುತ್ತದೆ. ಚೀಲ ಹಿಡಿಯುವುದು 30ರಿಂದ 50 ಮಿಲಿ ಮಾತ್ರ, ಅದೂ ನೀರು ಹೀರಿ ಗಟ್ಟಿ ಮಾಡಿ. ಸಂಘದಲ್ಲಿ ದಿನಾ ಫ್ಯಾಟು ನೋಡುವವರು ನಾವು. ಆ ಫ್ಯಾಟು ಹೊಟ್ಟೆಗೆ ಹೋದಾಗ ಸೋಪಿನ ಹಾಗೆ ಅದನ್ನು ಒಡೆಯುವುದು ಪಿತ್ತರಸ. ಜಿಡ್ಡಿನ ಊಟ ಕರುಳಿಗೆ ಇಳಿದ ಕೂಡಲೆ ಚೀಲ ಹಿಂಡಿಕೊಳ್ಳುತ್ತದೆ. ಬಾಯಿಗೆ ಕಲ್ಲು ಅಡ್ಡ ಕೂತಿದ್ದರೆ ನೋವು. ಹಬ್ಬದೂಟಕ್ಕೂ ರಾತ್ರಿಯ ನೋವಿಗೂ ಇರುವ ಸಂಬಂಧ ಇದು.

ಕಲ್ಲು ನಮಗೆ ಹೊಸದೇನಲ್ಲ. ಗೋರೋಚನ ಅನ್ನುತ್ತೇವಲ್ಲ, ಅದು ದನದ ಪಿತ್ತಕೋಶದ ಕಲ್ಲೇ. ಆಪರೇಷನ್ ಆದ ಮೇಲೆ ಸಣ್ಣ ಬಾಟಲಿಯಲ್ಲಿ ಕೊಟ್ಟ ಕರಿ ಕಲ್ಲುಗಳನ್ನು ನೋಡಿ ನಮ್ಮ ತಂದೆಯವರು, “ಇದನ್ನ ಪೂಜೆಗಿಡ್ತೀಯೇನೋ?” ಅಂದರು. ಅಷ್ಟು ದಿನದಲ್ಲಿ ಮನೆಯಲ್ಲಿ ನಕ್ಕಿದ್ದು ಅವತ್ತೇ.

ಮನುಷ್ಯರಲ್ಲಿ ಕಲ್ಲು ಮುಖ್ಯವಾಗಿ ಎರಡು ಜಾತಿ. ಕೊಲೆಸ್ಟರಾಲ್ ಗಟ್ಟಿಯಾದದ್ದು ಒಂದು, ರಕ್ತದ ಬಣ್ಣ ಒಡೆದು ಆದದ್ದು ಇನ್ನೊಂದು. ಉತ್ತರ ಭಾರತದಲ್ಲಿ ಮೊದಲನೆಯದು ಜಾಸ್ತಿ. ನಮ್ಮ ದಕ್ಷಿಣದ ಕಡೆ ಎರಡನೆಯದರ ಪಾಲು ಹೆಚ್ಚು. ರೈಲ್ವೆ ನೌಕರರನ್ನು ಪರಿಶೀಲಿಸಿದ ಡಾ. ಮಲ್ಹೋತ್ರಾ ಎಂಬುವರು 1968ರಲ್ಲೇ ಉತ್ತರದವರಲ್ಲಿ ಈ ಕಾಯಿಲೆ ದಕ್ಷಿಣದವರ ಏಳರಷ್ಟು ಎಂದು ಬರೆದರು. ನಮಗೆ ಕಡಿಮೆ ಅಂತ ಹಿಗ್ಗುವ ಹಾಗಿಲ್ಲ. ಬಂದವರಿಗೆ ಬಂದೇ ಬರುತ್ತದೆ.

ಕರಗಿಸೋಕೆ ಆಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಬಾಳೆದಿಂಡಿನ ರಸ ಕುಡೀರಿ ಅಂತ ನಮಗೂ ಹತ್ತು ಜನ ಹೇಳಿದರು. ಅದು ಮೂತ್ರದ ಕಲ್ಲಿಗೆ ಹೇಳುವ ಮಾತು. ಮೂತ್ರಪಿಂಡದ ದಾರಿ ಬೇರೆ, ಪಿತ್ತದ ದಾರಿ ಬೇರೆ. ವಿಜ್ಞಾನಿಗಳೂ ಕರಗಿಸಲು ನೋಡಿದ್ದಾರೆ. 1972ರಲ್ಲಿ ಅಮೆರಿಕದ ವೈದ್ಯರು ಪಿತ್ತದ್ದೇ ಒಂದು ಆಮ್ಲವನ್ನು ಮಾತ್ರೆ ಮಾಡಿ ಕೊಟ್ಟು ಕಲ್ಲು ಕರಗಿಸಿದರು. ಆದರೆ ಕರಗಿದ್ದು ಕೊಲೆಸ್ಟರಾಲ್ ಕಲ್ಲು, ಅದೂ ಸಣ್ಣದು, ತಿಂಗಳುಗಟ್ಟಲೆ ನುಂಗಿದ ಮೇಲೆ. ಮಾತ್ರೆ ಬಿಟ್ಟ ಐದು ವರ್ಷದಲ್ಲಿ ಸುಮಾರು ಅರ್ಧ ಜನಕ್ಕೆ ಮತ್ತೆ ಹುಟ್ಟಿತು. ನಮ್ಮ ತಾಯಿಯವರದಂಥ ಕರಿ ಕಲ್ಲು ಅದಕ್ಕೆ ಜಗ್ಗುವುದೇ ಇಲ್ಲ.

ಹಾಗಾದರೆ ಕಲ್ಲು ಮಾತ್ರ ತೆಗೀರಿ, ಚೀಲ ಇರಲಿ ಅಂತ ನಾವೂ ಡಾಕ್ಟರ ಹತ್ತಿರ ವಾದ ಮಾಡಿದೆವು. ಈ ವಾದಕ್ಕೆ ನೂರು ವರ್ಷದ ಮೇಲಾಗಿದೆಯಂತೆ. ಬರ್ಲಿನ್ನಿನ ಲಾಂಗೆನ್‌ಬುಕ್ ಎಂಬ ವೈದ್ಯರು, ಕಲ್ಲು ಹುಟ್ಟುವ ಜಾಗವೇ ಚೀಲ, ಚೀಲ ಉಳಿದರೆ ಕಲ್ಲೂ ಉಳಿಯುತ್ತದೆ ಎಂದು ತಿಳಿದು 1882ರ ಜುಲೈ 15ರಂದು ಚೀಲವನ್ನೇ ತೆಗೆದರು. ರೋಗಿ ಬದುಕಿದ. ಲಿವರು ಪಿತ್ತ ಮಾಡುವುದನ್ನು ನಿಲ್ಲಿಸುವುದಿಲ್ಲ, ಅದು ನೇರ ಕರುಳಿಗೆ ಹರಿಯುತ್ತದೆ. ನಮ್ಮ ತಾಯಿಯವರು ಈಗ ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡೇ ಉಣ್ಣುತ್ತಾರೆ.

ನೂರು ವರ್ಷ ಹೊಟ್ಟೆ ಕೊಯ್ದೇ ಮಾಡುತ್ತಿದ್ದರು. 1985ರಲ್ಲಿ ಜರ್ಮನಿಯ ಬೋಬ್ಲಿಂಗೆನ್ ಎಂಬ ಊರಿನಲ್ಲಿ ಎರಿಕ್ ಮ್ಯೂಹೆ ಎಂಬುವರು ಸಣ್ಣ ತೂತಿನಿಂದ ಅದೇ ಕೆಲಸ ಮಾಡಿದರು. ಮರುವರ್ಷ ದೊಡ್ಡ ವೈದ್ಯರ ಸಭೆಯಲ್ಲಿ ಹೇಳಿಕೊಂಡರೆ ಯಾರೂ ಒಪ್ಪಲಿಲ್ಲ. ಅದೇ ಸಂಘದವರು 1992ರಲ್ಲಿ ಕರೆದು ಸನ್ಮಾನಿಸಿದರು. (ಸಂಘಗಳೆಂದರೆ ಎಲ್ಲಾ ಕಡೆ ಹೀಗೇ ಅಂತ ಕಾಣುತ್ತೆ.) ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಡಾ. ಉದ್ವಾಡಿಯಾ ಈ ವಿಧಾನ ಶುರು ಮಾಡಿದರು. ನಮ್ಮ ತಾಯಿಯವರಿಗೆ ಮೊದಲು ಬಾಯಿಂದ ಕೊಳವೆ ಇಳಿಸಿ ನಾಳದ ಕಲ್ಲು ತೆಗೆದರು, ಆಮೇಲೆ ನಾಲ್ಕು ತೂತಿನಲ್ಲಿ ಚೀಲ. ಮೂರನೆಯ ದಿನ ಮನೆಗೆ ಬಂದರು.

ದುಡ್ಡಿನ ಮಾತು. ಸಂಘದ ಸದಸ್ಯರಾಗಿ ಯಶಸ್ವಿನಿ ಕಾರ್ಡು ಇದ್ದದ್ದರಿಂದ ಚೀಲ ತೆಗೆದ ಆಪರೇಷನ್ನಿಗೆ ಹಸು ಮಾರಬೇಕಾಗಲಿಲ್ಲ. ಆ ಯೋಜನೆ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಶುರುವಾಯಿತು. ನಿಂತಿದ್ದ ವರ್ಷಗಳಲ್ಲಿ ನವೀಕರಣ ಮರೆತವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಕಾರ್ಯದರ್ಶಿಗಳನ್ನು ಕಾಣಿರಿ.

ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡ ಕೂಡಲೆ ಹೆದರಿ ಓಡಬೇಕಾಗಿಲ್ಲ. ಕಲ್ಲಿದ್ದವರಲ್ಲಿ ಬಹುಪಾಲು ಜನಕ್ಕೆ ಜನ್ಮಪೂರ್ತಿ ನೋವೇ ಬರುವುದಿಲ್ಲ, ಅಂಥವರಿಗೆ ಸಾಮಾನ್ಯವಾಗಿ ಕೊಯ್ಯುವುದೂ ಇಲ್ಲ. ಆದರೆ ನೋವು, ಹಳದಿ, ನಡುಗುವ ಜ್ವರ, ಈ ಮೂರೂ ಸೇರಿದರೆ ನಾಳ ಕಟ್ಟಿ ಕೀವಾಗುತ್ತಿದೆ ಎಂದರ್ಥ. ಫ್ರಾನ್ಸಿನ ಶಾರ್ಕೋ ಎಂಬ ವೈದ್ಯರು 1877ರಲ್ಲೇ ಇದನ್ನು ಗುರುತಿಸಿದ್ದರು. ನಾವು ಸೊಪ್ಪು ಅರೆಯುತ್ತಾ ಕೂತಿದ್ದೆವು. ಸೊಪ್ಪಿಗೆ ಹೆಸರು ಬಂದದ್ದು ಏಕೆಂದರೆ ವೈರಸ್ಸಿನ ಕಾಮಾಲೆ ಬಹಳ ಜನಕ್ಕೆ ತಾನೇ ವಾಸಿಯಾಗುತ್ತದೆ. ನಾಳ ಕಟ್ಟಿದ ಕಾಮಾಲೆ ಹಾಗಲ್ಲ. ಮೈಯೆಲ್ಲ ನವೆ, ಮಲ ಸುಣ್ಣದ ಬಣ್ಣ, ಮೂತ್ರ ಟೀ ಡಿಕಾಕ್ಷನ್ ಹಾಗೆ ಕಂಡರೆ ಕಾಯಬೇಡಿ.

ಕೊನೆಗೊಂದು ಮಾತು, ಮರೆಯೋದಕ್ಕೆ ಮುಂಚೆ. ಪಿತ್ತಕೋಶದ ಸ್ಕ್ಯಾನಿಂಗಿಗೆ ಹೋಗುವವರು ಬರಿಹೊಟ್ಟೆಯಲ್ಲಿ ಹೋಗಬೇಕು. ತಿಂದರೆ ಚೀಲ ಹಿಂಡಿಕೊಂಡು ಬಿಡುತ್ತದೆ, ಕಲ್ಲು ಸರಿಯಾಗಿ ಕಾಣೋದಿಲ್ಲ. ನಾವು ದಾರಿಯಲ್ಲಿ ತಾಯಿಯವರಿಗೆ ಕಾಫಿ ಕುಡಿಸಿ ಅರ್ಧ ದಿನ ಬೆಂಚಿನ ಮೇಲೆ ಕೂರಿಸಿದ್ದೆವು. ನೀವು ಹಾಲು ಹಾಕಿದವರೇ ಹಾಗೇ ಬಸ್ಸು ಹತ್ತಿ, ಕಾಫಿ ಬರುವಾಗ ಕುಡಿಯಬಹುದು.