ಒಂದೆಲಗದ ತಂಬುಳಿ ಮತ್ತು ಎದೆಯ ಡವಡವ

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಮನಸ್ಸಿನ ತಳಮಳಕ್ಕೆ ಮನೆಮದ್ದು ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಊಟಕ್ಕೆ ಮೊದಲು ಮಾತಿಗೆ ನಿಂತವಳಿಗೆ ಸಭಿಕರ ತಳಮಳ ಚೆನ್ನಾಗಿಯೇ ಅರ್ಥವಾಗುತ್ತದೆ. ಆದಷ್ಟು ಬೇಗ ಮುಗಿಸುತ್ತೇನೆ. ನಾನು ವೈದ್ಯಳಲ್ಲ. ಫಾರ್ಮಸಿಯ ಕೌಂಟರಿನ ಹಿಂದೆ ಕೆಲವು ವರ್ಷ ಕೆಲಸ ಮಾಡಿದವಳು. ಆ ಕೆಲಸಕ್ಕೆ ಏಕೆ ಸೇರಿದೆ ಎಂಬುದೇ ಇಂದಿನ ಕಥೆ.

ನಾನು ಶಿರಸಿ ಕಡೆಯವಳು. ಈ ಊರಿಗೆ ಬಂದದ್ದು 1997ರ ನವೆಂಬರಿನಲ್ಲಿ, ಮೂರು ತಿಂಗಳ ಕೂಸನ್ನು ಎತ್ತಿಕೊಂಡು. ಡಿಸೆಂಬರಿನಲ್ಲಿ ಇಲ್ಲಿ ಸಾಯಂಕಾಲ ನಾಲ್ಕೂ ಇಪ್ಪತ್ತಕ್ಕೆಲ್ಲ ಸೂರ್ಯ ಮುಳುಗುತ್ತಾನೆಂದು ನನಗೆ ಯಾರೂ ಹೇಳಿರಲಿಲ್ಲ. ಯಜಮಾನರು ಆಫೀಸಿನಿಂದ ಬರುವ ಹೊತ್ತಿಗೆ ನನಗೆ ನಡುರಾತ್ರಿಯಾದಂತೆ ಅನಿಸುತ್ತಿತ್ತು. ಒಂದು ರಾತ್ರಿ ಎದೆ ಡವಡವ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಇನ್ನು ನಾನು ಉಳಿಯುವುದಿಲ್ಲ ಅನಿಸಿತು. ಎಮರ್ಜೆನ್ಸಿಗೆ ಓಡಿದೆವು. ಇಸಿಜಿ ಸರಿಯಾಗಿಯೇ ಇತ್ತು. "ಹೃದಯಕ್ಕೆ ಏನೂ ಆಗಿಲ್ಲ, ಇದು ಆತಂಕ" ಎಂದರು ಡಾಕ್ಟರು. ಮನೆಗೆ ಬರುವ ದಾರಿಯಲ್ಲಿ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಏನೂ ಆಗಿಲ್ಲದ ಕಾಯಿಲೆಗೆ ಮಧ್ಯರಾತ್ರಿ ಆಸ್ಪತ್ರೆಗೆ ಹೋದೆನಲ್ಲ ಎಂದು!

ಮರುವರ್ಷ ಅಮ್ಮ ಬಂದಳು. ಸೂಟ್‌ಕೇಸಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆಗೆ ನೆರಳಲ್ಲಿ ಒಣಗಿಸಿದ ಒಂದೆಲಗ, ಒಂದು ಡಬ್ಬಿ ಅಶ್ವಗಂಧದ ಪುಡಿ. ನಮ್ಮ ಹಳ್ಳಿಯವರು ಹಿರೇಮದ್ದು ಎನ್ನುವ ಗಿಡದ ಬೇರು ಅದು. "ದಿನಾ ರಾತ್ರಿ ಹಾಲಿಗೆ ಹಾಕಿ ಕುಡಿ ಮಗಳೇ, ಹೆದರಿಕೆ ಹೋಗ್ತದೆ" ಅಂದಳು. ಕುಡಿದೆ. ಹತ್ತಿರ ಕೂತು ತಲೆಗೆ ಎಣ್ಣೆ ಹಚ್ಚಿದಳು. ನಿದ್ದೆ ಬಂತು. ಆದರೆ ಒಂದೆರಡು ತಿಂಗಳಲ್ಲಿ ಎದೆಯ ಡವಡವ ಮೊದಲಿಗಿಂತ ಜಾಸ್ತಿಯಾಯಿತು. ಹಾಗಾದಾಗ ಇನ್ನೊಂದು ಚಮಚ ಹೆಚ್ಚಿಗೆ ಹಾಕಿಕೊಂಡೆ.

ಬಾಣಂತಿತನದ ನಂತರ ನನಗೆ ಥೈರಾಯ್ಡ್ ಕಡಿಮೆಯಾಗಿ, ಅದಕ್ಕೆ ದಿನಕ್ಕೊಂದು ಮಾತ್ರೆ ನಡೆಯುತ್ತಿತ್ತು. ಅಶ್ವಗಂಧಕ್ಕೆ ಥೈರಾಯ್ಡ್ ಹಾರ್ಮೋನನ್ನು ಏರಿಸುವ ಗುಣ ಉಂಟು. ಮಾತ್ರೆ ಒಂದು ಕಡೆಯಿಂದ, ಪುಡಿ ಇನ್ನೊಂದು ಕಡೆಯಿಂದ. ಥೈರಾಯ್ಡ್ ಅತಿಯಾದರೆ ಏನಾಗುತ್ತದೆ? ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಕೆಡುತ್ತದೆ. ಅಂದರೆ ಆತಂಕದ ತದ್ರೂಪು! ರಕ್ತ ಪರೀಕ್ಷೆ ನೋಡಿ ಡಾಕ್ಟರು "ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಇಲ್ಲ ಎಂದೆ. ಸುಳ್ಳು ಹೇಳಿದೆನೆಂದು ನನಗೆ ಅನಿಸಲೇ ಇಲ್ಲ. ಅಮ್ಮ ಕೊಟ್ಟದ್ದು ಔಷಧಿ ಹೇಗಾದೀತು? ಕೊನೆಗೆ ಫಾರ್ಮಸಿಯ ಒಬ್ಬ ಹೆಣ್ಣುಮಗಳು "ಚಹಾ, ಪುಡಿ, ಬೇರು ಏನಾದರೂ?" ಎಂದು ಬಿಡಿಸಿ ಕೇಳಿದಾಗ ಬಾಯಿ ಬಿಟ್ಟೆ. ಪುಡಿ ನಿಲ್ಲಿಸಿದ ಕೆಲವು ವಾರಗಳಲ್ಲಿ ಡವಡವ ಇಳಿಯಿತು. ಅಂದೇ ನಾನೂ ಕೌಂಟರಿನ ಆ ಬದಿಗೆ ಹೋಗಬೇಕೆಂದು ನಿಶ್ಚಯಿಸಿದೆ.

ಇಷ್ಟು ಕೇಳಿ ಗಿಡಮೂಲಿಕೆಯೆಲ್ಲ ಮೋಸ ಎಂದುಕೊಳ್ಳಬೇಡಿ. ನಾನು ಹೇಳುವುದು ಇದರ ತಿರುವುಮುರುವು. ಗಿಡಮೂಲಿಕೆಗೆ ಶಕ್ತಿಯಿದೆ, ಶಕ್ತಿಯಿರುವುದರಿಂದಲೇ ಅದನ್ನು ಔಷಧಿಯೆಂದು ಗೌರವಿಸಬೇಕು. ಸರ್ಪಗಂಧವನ್ನೇ ನೋಡಿ. ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಈ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಬರೆದರು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದ ಮೇಲೆ ಜಗತ್ತಿನ ಹಲವು ಮಾನಸಿಕ ಆಸ್ಪತ್ರೆಗಳು ಅದನ್ನು ಬಳಸಿದವು. ಅದೇ ರೆಸರ್ಪಿನ್ ರಕ್ತದೊತ್ತಡವನ್ನು ಅತಿಯಾಗಿ ಇಳಿಸಬಲ್ಲದು, ಮನಸ್ಸನ್ನು ಖಿನ್ನತೆಗೆ ದೂಡಬಲ್ಲದು. ಅದು ಅಡುಗೆಮನೆಯ ಡಬ್ಬಿಯಲ್ಲಿ ಇಡುವ ವಸ್ತುವಲ್ಲ.

ಅಶ್ವಗಂಧದಿಂದ ಒತ್ತಡ ಕಡಿಮೆಯಾಗಿ ನಿದ್ದೆ ಸುಧಾರಿಸಿದೆ ಎಂದು ಕೆಲವು ಸಣ್ಣ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಗರ್ಭಿಣಿಯರಿಗೆ ಅದು ಸಲ್ಲದು. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ಇವೆ. ಡೆನ್ಮಾರ್ಕ್ ದೇಶ 2023ರಲ್ಲಿ ಅದನ್ನು ನಿಷೇಧಿಸಿತು. ಇನ್ನು ಬ್ರಾಹ್ಮಿ. ನಮ್ಮಲ್ಲಿ ಬ್ರಾಹ್ಮಿಯೆಂದರೆ ಹಲವರಿಗೆ ಒಂದೆಲಗ; ಇಲ್ಲಿನ ಶೀಶೆಯ ಮೇಲೆ ಬ್ರಾಹ್ಮಿ ಎಂದಿದ್ದರೆ ಸಾಮಾನ್ಯವಾಗಿ ಅದು ನೀರುಬ್ರಾಹ್ಮಿ. ಗಿಡವೇ ಬೇರೆ. ಒಂದೆಲಗಕ್ಕೆ ಜೀರಿಗೆ, ಕಾಳುಮೆಣಸು ಹುರಿದು, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದ ತಂಬುಳಿಯನ್ನು ಧಾರಾಳವಾಗಿ ಉಣ್ಣಿ. ಊಟಕ್ಕೆ ಊಟ, ಊರಿನ ನೆನಪಿಗೆ ನೆನಪು.

ಈ ನೆಲದ ಗಿಡಗಳನ್ನೂ ನೋಡೋಣ. ಸ್ಕ್ವಿಮ್ ಊರಿನ ಲ್ಯಾವೆಂಡರ್ ತೋಟಗಳಿಗೆ ನೀವೆಲ್ಲ ಜುಲೈನಲ್ಲಿ ಹೋಗಿ ಫೋಟೋ ಹಿಡಿಸಿಕೊಂಡವರೇ. ಲ್ಯಾವೆಂಡರ್, ಕ್ಯಾಮೊಮೈಲ್ ಇವೆರಡೂ ಸೌಮ್ಯ; ಸ್ವಲ್ಪ ಮಟ್ಟಿನ ಆಧಾರವೂ ಇದೆ. ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಸೇಂಟ್ ಜಾನ್ಸ್ ವರ್ಟ್ ಹಾಗಲ್ಲ. ಅದು ಗರ್ಭನಿರೋಧಕ ಮಾತ್ರೆಯ, ರಕ್ತ ತೆಳುಮಾಡುವ ವಾರ್ಫರಿನ್‌ನ ಬಲ ಕುಗ್ಗಿಸುತ್ತದೆ. ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಅಪಾಯ. ಕಾವಾ ಬೇರಿನಿಂದ ಯಕೃತ್ತಿಗೆ ಹಾನಿಯಾಗಬಹುದೆಂದು ಇಲ್ಲಿನ ಎಫ್‌ಡಿಎ 2002ರಲ್ಲೇ ಎಚ್ಚರಿಸಿದೆ.

ಅಂಗಡಿಯಲ್ಲಿ ಮಾರುತ್ತಾರಲ್ಲ, ಸರ್ಕಾರ ಪರೀಕ್ಷಿಸಿರುತ್ತದೆ ಎಂಬುದು ನಮ್ಮ ಭ್ರಮೆ. 1994ರ ಕಾಯಿದೆಯ ಪ್ರಕಾರ ಇಂಥ ಪುಡಿ, ಗುಳಿಗೆಗಳಿಗೆ ಮಾರಾಟಕ್ಕೆ ಮೊದಲು ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. 2004ರಲ್ಲಿ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ತಂದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ತಿಳಿದವರನ್ನು ಕೇಳಲು ನಮ್ಮ ರಾಜ್ಯದಲ್ಲಿ ದಾರಿಯಿದೆ: ವಾಷಿಂಗ್ಟನ್‌ನಲ್ಲಿ 1919ರಿಂದಲೇ ಪ್ರಕೃತಿ ಚಿಕಿತ್ಸಕರಿಗೆ ಲೈಸೆನ್ಸ್ ಪದ್ಧತಿಯಿದೆ, 1978ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಬ್ಯಾಸ್ಟಿರ್ ಈ ವಿದ್ಯೆಗೇ ಹೆಸರಾದ ವಿಶ್ವವಿದ್ಯಾಲಯ.

ಇನ್ನೊಂದು ಗಿಡದ ಹೆಸರು ಹೇಳಿದರೆ ನೀವು ನನ್ನ ಮೇಲೆ ಸಿಟ್ಟಾಗುತ್ತೀರಿ. ಅದು ಕಾಫಿ! ಚಿಕ್ಕಮಗಳೂರಿನ ನಾಡಿನಿಂದ ಹೊರಟು, 1971ರಲ್ಲಿ ಸ್ಟಾರ್‌ಬಕ್ಸ್ ಹುಟ್ಟಿದ ಊರಿಗೆ ಬಂದು ಸೇರಿದವರು ನಾವು. ಬೆಳಿಗ್ಗೆ ಮನೆಯಲ್ಲಿ ಫಿಲ್ಟರ್ ಕಾಫಿ ಎರಡು ಲೋಟ, ಆಫೀಸಿನಲ್ಲಿ ದೊಡ್ಡ ಕಪ್ಪು ಮೂರು; ರಾತ್ರಿ ನಿದ್ದೆಗೆ ಅಶ್ವಗಂಧ! ಎದೆ ಹೊಡೆದುಕೊಳ್ಳುವವರು ಹೊಸ ಗಿಡ ಸೇರಿಸುವ ಮೊದಲು ಈ ಹಳೆಯ ಗಿಡವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡಿ. ಹಗಲು ಬೆಳಕಿರುವಾಗ, ಮಳೆಯಿದ್ದರೂ ಸರಿ, ಅರ್ಧ ಗಂಟೆ ನಡೆಯಿರಿ.

ಕೊನೆಯದಾಗಿ ಒಂದು ಮಾತು. ಅಮ್ಮ ಬಂದಾಗ ಮೊದಮೊದಲು ನನಗೆ ನಿದ್ದೆ ಬಂದದ್ದು ಯಾವುದರಿಂದ? ಪುಡಿಯಿಂದಲೋ, ಅದನ್ನು ಕಲಸಿಕೊಟ್ಟು ಹತ್ತಿರ ಕೂತ ಅಮ್ಮನಿಂದಲೋ? ಅಮ್ಮ ಈಗಿಲ್ಲ, ಉತ್ತರವೂ ಸಿಕ್ಕಿಲ್ಲ. ಆದರೆ ಇಷ್ಟು ಬಲ್ಲೆ: ಪುಡಿ ಅಂಚೆಯಲ್ಲಿ ಬರುತ್ತದೆ, ಹತ್ತಿರ ಕೂರುವವರು ಬರುವುದಿಲ್ಲ. ಅದಕ್ಕೇ ಸಂಘ ಬೇಕು. ಕೆಲಸ ಹೋಗಿ, ವೀಸಾದ ಅರವತ್ತು ದಿನ ಎಣಿಸುತ್ತ ಮಲಗದ ಹುಡುಗ. ಊರಿಂದ ಮಧ್ಯರಾತ್ರಿ ಫೋನ್ ಬಂದರೆ ಬೆಚ್ಚಿಬೀಳುವ ಮಗಳು. ಮೊಮ್ಮಗನನ್ನು ನೋಡಿಕೊಳ್ಳಲು ಬಂದು ದಿನವಿಡೀ ಕಿಟಕಿಯ ಬಳಿ ಕೂರುವ ಅತ್ತೆ, ಮಾವ. ಇವರೆಲ್ಲ ಈ ಸಭಾಂಗಣದಲ್ಲೇ ಇರಬಹುದು. "ಊಟ ಆಯ್ತಾ?" ಎಂದು ಕೇಳುವಷ್ಟೇ ಸಲೀಸಾಗಿ "ನಿದ್ದೆ ಆಯ್ತಾ?" ಎಂದೂ ಕೇಳೋಣ.

ಡಾಕ್ಟರ ಬಳಿ ಹೋಗುವಾಗ ಮನೆಯ ಪುಡಿ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲೆ ಇಡಿ. ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡ ದುಭಾಷಿ ಬೇಕೆಂದು ಕೇಳಿ. ನಡೆಯುತ್ತಿರುವ ಮಾತ್ರೆಯನ್ನು ಪುಡಿಯ ನಂಬಿಕೆಯಲ್ಲಿ ನಿಲ್ಲಿಸಬೇಡಿ. ಬದುಕೇ ಬೇಡವೆನಿಸಿದ ಗಳಿಗೆಯಲ್ಲಿ ಹಗಲಾಗಲಿ ರಾತ್ರಿಯಾಗಲಿ 988ಕ್ಕೆ ಫೋನ್ ಮಾಡಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಇದನ್ನು ಕಲಿಯಲು ನನಗೆ ಎರಡು ಚಳಿಗಾಲ ಬೇಕಾದವು.

ಇಂದಿನ ಊಟದಲ್ಲಿ ಒಂದೆಲಗದ ತಂಬುಳಿ ಇದೆಯಂತೆ.