ಆಮೆಗೆ ಬಂದ ಅಪಕೀರ್ತಿ

ಬಯ್ಗುಳವನ್ನು ಆಡಬಾರದೆಂಬುದು ಸರಿ; ಅದರ ಅರ್ಥವನ್ನು ವಿಚಾರಿಸಬಾರದೆಂಬ ನಿಯಮವೇನೂ ಇಲ್ಲ. ಚೀಣೀ ಭಾಷೆಯ ಒಂದು ಬಯ್ಗುಳವನ್ನು ಈಗ ಪರಿಶೀಲಿಸೋಣ.

‘ವಾಂಗ್ ಬಾ ದಾನ್’ ಎಂಬುದು ಆ ಮಾತು. ‘ವಾಂಗ್ ಬಾ’ ಎಂದರೆ ಆಡುಮಾತಿನಲ್ಲಿ ಆಮೆ. ‘ದಾನ್’ ಎಂದರೆ ಮೊಟ್ಟೆ. ‘ಆಮೆಯ ಮೊಟ್ಟೆ’ ಎಂದರೆ ನಮಗೆ ನಗು ಬಂದೀತು. ಚೀನದಲ್ಲಿ ಹೊಡೆದಾಟ ಹತ್ತುವುದಕ್ಕೆ ಅಷ್ಟೇ ಸಾಕು. ಹೆಂಡತಿ ದಾರಿ ತಪ್ಪಿದ ಗಂಡನನ್ನು ಅಲ್ಲಿ ಆಮೆಯೆನ್ನುತ್ತಾರೆ. ಅದರ ಮೊಟ್ಟೆಯೆಂದರೆ ತಂದೆ ಯಾರೆಂದು ತಿಳಿಯದೆ ಹುಟ್ಟಿದವನು.

ಆಮೆಗೆ ಈ ಅಪಕೀರ್ತಿ ಮೊದಲಿನಿಂದ ಇದ್ದುದಲ್ಲ. ಸುಮಾರು 3,200 ವರ್ಷಗಳ ಹಿಂದೆ, ಷಾಂಗ್ ಅರಸರ ಕಾಲದಲ್ಲಿ, ಆಮೆಯ ಚಿಪ್ಪನ್ನು ಕಾಯಿಸಿ, ಅದರಲ್ಲಿ ಮೂಡಿದ ಬಿರುಕುಗಳಿಂದ ಶಕುನ ನೋಡುತ್ತಿದ್ದರು. ಚೀಣೀ ಲಿಪಿಯ ಅತಿ ಪ್ರಾಚೀನ ಬರಹಗಳು ದೊರೆತಿರುವುದು ಅಂತಹ ಚಿಪ್ಪುಗಳ ಮತ್ತು ಎಲುಬುಗಳ ಮೇಲೆಯೇ. ಆಮೆ ದೀರ್ಘಾಯುಸ್ಸಿನ ಗುರುತೂ ಆಗಿತ್ತು. ಎಂಟನೆಯ ಶತಮಾನದ ಪ್ರಸಿದ್ಧ ಗಾಯಕ ಲೀ ಗ್ವೇನಿಯನ್‌ನ ಹೆಸರಿನಲ್ಲಿರುವ ‘ಗ್ವೇ’ ಎಂಬುದು ಆಮೆಯೇ. ಇಂದು ಯಾವ ಚೀಣೀ ತಾಯಿ ಮಗನಿಗೆ ಆ ಹೆಸರಿಟ್ಟಾಳು?

ಈ ಪತನಕ್ಕೆ ಕಾರಣಗಳನ್ನು ಹಲವರು ಹಲವು ಬಗೆಯಾಗಿ ಹೇಳುತ್ತಾರೆ. ಯುವಾನ್, ಮಿಂಗ್ ಅರಸರ ಕಾಲದಲ್ಲಿ ವೇಶ್ಯಾವೃತ್ತಿಯ ಮನೆಗಳ ಗಂಡಸರು ಹಸುರು ರುಮಾಲು ಕಟ್ಟಬೇಕೆಂಬ ಕಟ್ಟಳೆಯಿತ್ತು. ಆಮೆಯ ತಲೆಯೂ ಹಸುರು; ಅದರಿಂದ ಹೆಸರು ಅಂಟಿತೆಂದು ಕೆಲವರ ಮತ. ‘ಹಸುರು ಟೋಪಿ ಹಾಕಿದವನು’ ಎಂಬುದು ಇಂದಿಗೂ ಅಲ್ಲಿ ಅದೇ ನಿಂದೆ. ಆದ್ದರಿಂದ ಚೀಣೀ ಮಿತ್ರನಿಗೆ ಹಸುರು ಟೋಪಿಯನ್ನು ಉಡುಗೊರೆಯಾಗಿ ಕೊಡಬಾರದು. ಇನ್ನು ಕೆಲವರ ವಿವರಣೆ ಶಬ್ದಶ್ಲೇಷವನ್ನು ಆಶ್ರಯಿಸಿದೆ. ಸ್ವರದ ಏರಿಳಿತ ಬದಲಾದರೆ ‘ವಾಂಗ್ ಬಾ’ ಎಂಬುದಕ್ಕೆ ‘ಎಂಟನ್ನು ಮರೆತವನು’ ಎಂದೂ ಅರ್ಥವಾಗುತ್ತದೆ. ಪಿತೃಭಕ್ತಿ, ಭ್ರಾತೃಪ್ರೇಮ, ನಿಷ್ಠೆ, ಸತ್ಯ, ವಿನಯ, ನ್ಯಾಯ, ನಿರ್ಲೋಭ, ಲಜ್ಜೆ—ಇವು ಅವರ ಎಂಟು ಗುಣಗಳು. ಎಂಟನೆಯದಾದ ಲಜ್ಜೆಯನ್ನು ಮರೆತವನೇ ಆಮೆಯೆಂದು ವಿನೋದವಾಗಿ ಹೇಳುವುದುಂಟು.

ಶಬ್ದಗಳು ಹೀಗೆ ಹೀನಾರ್ಥಕ್ಕೆ ಇಳಿಯುವುದು ನಮ್ಮಲ್ಲಿಯೂ ಉಂಟು. ಹಿಂದೆ ‘ನಾತ’ ಎಂಬುದು ಪರಿಮಳಕ್ಕೂ ಸಲ್ಲುತ್ತಿತ್ತು. ಈಗ ದುರ್ಗಂಧಕ್ಕೆ ಮಾತ್ರ ಉಳಿದಿದೆ. ಹೂವಿನ ವಿಷಯದಲ್ಲಿ ಆ ಮಾತನ್ನು ಆಡಿದರೆ ಹೂವಾಡಗಿತ್ತಿ ಸುಮ್ಮನಿದ್ದಾಳೆಯೆ?

ಆದರೆ ಚೀಣೀ ಬಯ್ಗುಳದಲ್ಲಿ ಇನ್ನೊಂದು ಅನ್ಯಾಯವಿದೆ. ತಪ್ಪು ಹಿರಿಯರದೆಂದೇ ಇಟ್ಟುಕೊಳ್ಳೋಣ. ಏಟು ಬೀಳುವುದು ಮೊಟ್ಟೆಗೆ, ಎಂದರೆ ಏನೂ ಅರಿಯದ ಮಗುವಿಗೆ. ಹುಟ್ಟನ್ನು ಹಳಿಯುವ ಬಯ್ಗುಳಗಳು ಕನ್ನಡದಲ್ಲಿಯೂ ಇಲ್ಲದಿಲ್ಲ. ಅವನ್ನು ಸಿಟ್ಟಿನ ಭರದಲ್ಲಿ ಆಡುವವರು ಒಂದು ಗಳಿಗೆ ಅರ್ಥವನ್ನು ಯೋಚಿಸಿದರೆ, ಅರ್ಧದಷ್ಟಾದರೂ ನಾಲಗೆಯಲ್ಲಿಯೇ ನಿಂತಾವು.