ಒಂದು ಬಟ್ಟಲು ಸಾರು, ಒಂದು ಹಿಡಿ ಹಿಟ್ಟು

ಉಕ್ರೇನಿನ ಮನೆಗಳಲ್ಲಿ ಕೋಳಿ ಸಾರು ಮಾಡುವ ಕ್ರಮ ಸರಳವಾದದ್ದು. ಮೂಳೆಸಹಿತ ಮಾಂಸವನ್ನು ತಣ್ಣೀರಿನಲ್ಲಿಟ್ಟು, ನೊರೆ ತೆಗೆಯುತ್ತ, ಈರುಳ್ಳಿ, ಕ್ಯಾರೆಟ್‌ಗಳೊಡನೆ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಿಸಬೇಕು. ಉರಿ ಹೆಚ್ಚಾದರೆ ತಿಳಿಸಾರು ಕದಡುತ್ತದೆ.

ಅದಕ್ಕೆ ಬೀಳುವ ಹಿಟ್ಟಿನ ತುಣುಕುಗಳೇ 'ಹಾಲುಶ್ಕಿ'. ಗೋಧಿ ಹಿಟ್ಟು, ಮೊಟ್ಟೆ, ಉಪ್ಪು, ನೀರು, ಇಷ್ಟೇ ಸಾಮಗ್ರಿ. ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಕಲಸಿ, ಚಮಚದಿಂದ ಕುದಿಯುವ ಸಾರಿಗೆ ಬಿಡುತ್ತಾರೆ. ಮೊದಲು ಮುಳುಗುವ ತುಣುಕುಗಳು ಬೆಂದು ಉಬ್ಬಿದಂತೆ ತೇಲುತ್ತವೆ. ಕೊನೆಯಲ್ಲಿ, ನಮಗೂ ಪರಿಚಿತವಾದ ಸಬ್ಬಸಿಗೆ ಸೊಪ್ಪು. ಹೂರಣ ತುಂಬಿದ 'ವರೆನಿಕಿ' ಹಬ್ಬದೂಟಕ್ಕೂ ಬರುತ್ತದೆ. ಹಾಲುಶ್ಕಿ ಮಾತ್ರ ಹಿಟ್ಟೊಂದನ್ನೇ ನಂಬಿದ ರೈತನ ಅಡುಗೆ.

ಆದರೆ ಆ ಹಿಟ್ಟೇ ಇಲ್ಲದ ಕಾಲವೊಂದಿತ್ತು. 1932ರ ಆಗಸ್ಟ್ 7ರಂದು ಸ್ಟಾಲಿನ್ ಸರ್ಕಾರ ಹೊರಡಿಸಿದ ಶಾಸನದ ಪ್ರಕಾರ, ಸಾಮೂಹಿಕ ಹೊಲದ ಧಾನ್ಯ ಕದ್ದವರಿಗೆ ಮರಣದಂಡನೆ, ವಿನಾಯಿತಿ ದೊರೆತರೆ ಕನಿಷ್ಠ 10 ವರ್ಷ ಸೆರೆ. ಜನ ಅದನ್ನು 'ಐದು ತೆನೆಗಳ ಕಾನೂನು' ಎಂದು ಕರೆದರು. ಅಧಿಕಾರಿಗಳು ಮನೆಮನೆ ಶೋಧಿಸಿ ಕಾಳುಕಡ್ಡಿಯನ್ನೂ ಒಯ್ದರು. 1932-33ರ ಆ ಕ್ಷಾಮದಲ್ಲಿ, ಗೋಧಿಯ ಕಣಜವೆನಿಸಿದ್ದ ನಾಡಿನಲ್ಲೇ ಲಕ್ಷಾಂತರ ಮಂದಿ ಹಸಿವಿನಿಂದ ಸತ್ತರು. ಸೋವಿಯತ್ ಆಡಳಿತದಲ್ಲಿ ದಶಕಗಳ ಕಾಲ ಅದನ್ನು ಬಹಿರಂಗವಾಗಿ ಆಡುವಂತೆಯೂ ಇರಲಿಲ್ಲ.

ಹಾಲುಶ್ಕಿಗೆ ಹೆಸರಾದ ಪೊಲ್ತಾವ ನಗರದಲ್ಲಿ 2006ರಲ್ಲಿ ಈ ತಿನಿಸಿಗೊಂದು ಸ್ಮಾರಕ ಎದ್ದಿತು: ದೊಡ್ಡ ಬಟ್ಟಲು, ಒಂದು ಚಮಚ. ಅದೇ ವರ್ಷ ಉಕ್ರೇನಿನ ಸಂಸತ್ತು ಆ ಕ್ಷಾಮವನ್ನು ನರಮೇಧವೆಂದು ಸಾರುವ ಕಾಯಿದೆ ಅಂಗೀಕರಿಸಿತು. ಬಟ್ಟಲಿಗೇಕೆ ಸ್ಮಾರಕವೆಂದು ನಗುವವರು ಈ ಎರಡನ್ನೂ ಒಟ್ಟಿಗೆ ನೆನೆಯಬೇಕು.